ಏಳಲೊಲ್ಲದ ಕಂಪ್ಯೂಟರು



ಕುಕ್ಕರಿನ ಸೀಟಿ, ಗ್ರೈಂಡರಿನ ಕಲ್ಲು, ಸೋರುವ ನಲ್ಲಿ ಎಲ್ಲವೂ ಈ ಅಂಕಣದಲ್ಲಿ ಬಂದುಹೋದವು. ಕಂಪ್ಯೂಟರಿನ ಸುದ್ದಿಯನ್ನು ಮಾತ್ರ ನಾನು ದೂರವೇ ಇಟ್ಟಿದ್ದೆ. ಅದು ಮಕ್ಕಳ ಬಾಬತ್ತು, ನಮಗೇಕೆ ಎಂಬ ಉದಾಸೀನ ನನಗೂ ಇತ್ತೆನ್ನಿ. ಆದರೆ ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋಗಿಬಿಡುತ್ತಾರೆ. ಅವರು ಓದುವಾಗ ಕೊಂಡ ಕಂಪ್ಯೂಟರು ಮನೆಯಲ್ಲೇ ಉಳಿಯುತ್ತದೆ. ನಿಧಾನವಾಗಿ ಅದರೊಳಗೆ ನಮ್ಮ ಸಂಸಾರವೂ ಸೇರಿಕೊಳ್ಳುತ್ತದೆ. ಮದುವೆಯ ಫೋಟೋ, ಮನೆಯ ಲೆಕ್ಕ, ಸಂಘದ ಲೆಕ್ಕ, ಜಮೀನಿನ ಕಾಗದಪತ್ರದ ನಕಲು, ಹೀಗೆ. ಒಂದು ದಿನ ಗುಂಡಿ ಒತ್ತಿದರೆ ಅದು ಏಳುವುದೇ ಇಲ್ಲ. ಆಗ ಯಾರನ್ನು ಕರೆಯುವುದು?

2025ರ ಆಷಾಢ. ಕಾರವಾರದಲ್ಲಿ ಮಳೆ ಹಿಡಿದು ಮೂರು ದಿನವಾಗಿತ್ತು. ರಾತ್ರಿ ಊಟದ ಹೊತ್ತಿಗೆ ಅಂಕೋಲಾದಿಂದ ನಾದಿನಿಯ ಫೋನು.

"ಅತ್ಗೆ, ಕಂಪ್ಯೂಟರ್ ಏಳ್ತೇ ಇಲ್ಲ. ಗುಂಡಿ ಒತ್ತಿದ್ರೆ ಒಳಗೆ ಬುರ್ ಅಂತ ಸಪ್ಪಳ ಆಗ್ತದೆ, ಪರದೆ ಮೇಲೆ ಎಂತದೂ ಇಲ್ಲ. ಬರೀ ಕಪ್ಪು."

ಅವಳು ತನ್ನ ಓಣಿಯ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು. 14 ಹೆಂಗಸರ ಉಳಿತಾಯ, ಯಾರು ಎಷ್ಟು ಸಾಲ ತೆಗೆದರು, ಯಾರದು ಎಷ್ಟು ಕಂತು ಬಾಕಿ, ಎಲ್ಲ ಆ ಕಂಪ್ಯೂಟರಿನಲ್ಲಿ. ಕೈಬರಹದ ಪುಸ್ತಕವನ್ನು ಮಾರ್ಚಿಗೇ ನಿಲ್ಲಿಸಿಬಿಟ್ಟಿದ್ದಳು. ಶುಕ್ರವಾರ ಬ್ಯಾಂಕಿನಲ್ಲಿ ಲೆಕ್ಕ ತೋರಿಸಬೇಕು, ಅಂದು ಮಂಗಳವಾರ. ಮೀನು ಮಾರಿ ದಿನಕ್ಕಿಷ್ಟು ಎಂದು ಕೂಡಿಸಿದವರ ಹಣದ ಲೆಕ್ಕ ತಪ್ಪಿದರೆ ಓಣಿಯಲ್ಲಿ ಮುಖ ಎತ್ತಿ ಓಡಾಡುವುದಾದರೂ ಹೇಗೆ ಎಂಬ ಹೆದರಿಕೆ ಅವಳ ದನಿಯಲ್ಲೇ ಕೇಳುತ್ತಿತ್ತು.

"ಅಂಗಡಿ ಹುಡುಗನಿಗೆ ಫೋನ್ ಮಾಡಿದ್ದೆ ಅತ್ಗೆ. ಫಾರ್ಮ್ಯಾಟ್ ಮಾಡ್ಬೇಕು, ನಾಳೆ ಬೆಳಿಗ್ಗೆ ತಂದುಕೊಡಿ ಅಂದ. ಮಾಡ್ಲಿ ಅಂದೆ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಬೇಡ್ವೇ ತಂಗೀ! ನಾ ಬರೂ ತನಕ ಅದನ್ನ ಮುಟ್ಟಬೇಡ, ಯಾರಿಗೂ ಮುಟ್ಟಿಸಬೇಡ" ಎಂದೆ.

ಯಾಕೆ ಅಷ್ಟು ಜೋರಾಗಿ ಅಂದೆನೆಂದರೆ, 2014ರಲ್ಲಿ ನಾನು ಇದೇ ತಪ್ಪು ಮಾಡಿದ್ದೆ. ನಮ್ಮ ಅತ್ತೆಯವರು ಹಾಡುಗಾರ್ತಿ. ಅರಿಶಿನ ಕುಟ್ಟುವಾಗಿನದು, ಹೆಣ್ಣು ಒಪ್ಪಿಸಿಕೊಡುವಾಗಿನದು, ತೊಟ್ಟಿಲದ್ದು, ಒಂದೊಂದಕ್ಕೂ ಅವರಲ್ಲಿ ಹಾಡು ಇತ್ತು. ಕಣ್ಣು ಮಂಜಾದ ಮೇಲೂ ದನಿ ಗಟ್ಟಿಯಾಗಿಯೇ ಇತ್ತು. ಮಗ ರಜೆಗೆ ಬಂದಾಗ ಅವರನ್ನು ಕೂಡಿಸಿ ನಲವತ್ತಕ್ಕೂ ಹೆಚ್ಚು ಹಾಡು ಕಂಪ್ಯೂಟರಿಗೆ ತುಂಬಿಸಿಕೊಂಡಿದ್ದ. ಅವರು ತೀರಿಕೊಂಡ ಮರುವರ್ಷ ಆ ಕಂಪ್ಯೂಟರು ಒಂದು ದಿನ ಏಳಲಿಲ್ಲ. ರಿಪೇರಿಗೆ ಕೊಟ್ಟೆವು. ಅಂಗಡಿ, ಊರು ಯಾವುದೆಂದು ಹೇಳುವುದು ಬೇಡ, ಆತನೂ ಕೆಟ್ಟವನಲ್ಲ. ನಾಲ್ಕು ದಿನ ಬಿಟ್ಟು ಹೊಚ್ಚ ಹೊಸದರಂತೆ ಮಾಡಿ ತಂದುಕೊಟ್ಟ. ಹೊಸದರಂತೆಯೇ ಖಾಲಿ. ಬಿಲ್ಲಿನಲ್ಲಿ ಎರಡು ಸಾಲಿದ್ದವು: "ಎಸ್.ಎಂ.ಪಿ.ಎಸ್. ಬದಲು" ಮತ್ತು "ಫಾರ್ಮ್ಯಾಟ್". ಮೊದಲನೆಯ ಸಾಲಿನ ಕೆಲಸವೊಂದೇ ಸಾಕಿತ್ತು, ಎರಡನೆಯದು ಬೇಕಿರಲಿಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಅಷ್ಟರಲ್ಲಿ ಆ ಜಾಗದ ಮೇಲೆ ಬೇರೆಯದೆಲ್ಲ ತುಂಬಿ ಆಗಿತ್ತು. ಅತ್ತೆಯವರ ದನಿ ಈಗ ನಮ್ಮ ಮನೆಯಲ್ಲಿ ಇಲ್ಲ. ಹಾಡಿನ ಮಾತುಗಳು ನನಗೆ ಅರ್ಧ ನೆನಪಿವೆ, ಅಷ್ಟೇ. ಆಮೇಲಿಂದ ನಾನು ಈ ಯಂತ್ರದ ಬೆನ್ನು ಹತ್ತಿದ್ದು. ಮಗನನ್ನು, ಪರಿಚಯದ ರಿಪೇರಿಯವರನ್ನು ಕೇಳಿ ಕೇಳಿ ಕಲಿತೆ. ಕಂಪ್ಯೂಟರಿಗೆ "ಗಣಕಯಂತ್ರ" ಎಂದು ಪುಸ್ತಕದಲ್ಲಿ ಹೆಸರು. ಅಡುಗೆಮನೆಯ ಪಕ್ಕದಲ್ಲಿ ನಿಂತು ಯಾರೂ ಹಾಗೆ ಕರೆದದ್ದನ್ನು ನಾ ಕೇಳಲಿಲ್ಲ, ನಾನೂ ಕರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಬಿಣಗಾ, ಅಮದಳ್ಳಿ, ಅವರ್ಸಾ ದಾಟಿ ಅಂಕೋಲಾ ಮುಟ್ಟಲು ಸುಮಾರು 35 ಕಿಲೋಮೀಟರು. ಕಿಟಕಿ ಮುಚ್ಚಿದರೂ ಸೀರೆಯ ಸೆರಗು ಒದ್ದೆ. ನಾದಿನಿ ಬಾಗಿಲಲ್ಲೇ ನಿಂತಿದ್ದಳು, ಕಂಪ್ಯೂಟರಿಗೆ ಒಂದು ಹಳೆ ಪಂಜಿ ಹೊದಿಸಿಟ್ಟಿದ್ದಳು, ಜ್ವರ ಬಂದ ಮಗುವಿಗೆ ಹೊದಿಸಿದ ಹಾಗೆ!

ಈಗ ಕೆಲಸಕ್ಕೆ ಬರೋಣ. ನಾವು ಗುಂಡಿ ಒತ್ತಿದಾಗ ಕಂಪ್ಯೂಟರು ಒಮ್ಮೆಗೇ ಏಳುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏಳುತ್ತದೆ. ಗೋಡೆಯಿಂದ 230 ವೋಲ್ಟಿನ ವಿದ್ಯುತ್ತು ಯು.ಪಿ.ಎಸ್. ಮೂಲಕ ಡಬ್ಬದ ಹಿಂಭಾಗದ ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆಗೆ ಬರುತ್ತದೆ. (ಈ ಡಬ್ಬವನ್ನೇ ನಾವೆಲ್ಲ ಸಿ.ಪಿ.ಯು. ಎನ್ನುವುದು.) ಆ ಪೆಟ್ಟಿಗೆ ಅದನ್ನು 12, 5, 3.3 ವೋಲ್ಟುಗಳಿಗೆ ಇಳಿಸಿ ಮದರ್‌ಬೋರ್ಡಿಗೆ ಬಡಿಸುತ್ತದೆ. ಬೋರ್ಡು ತನ್ನ ಬಳಗ ಸರಿಯಾಗಿದೆಯೇ ಎಂದು ಮೊದಲು ಎಣಿಸಿ ನೋಡುತ್ತದೆ. ಮುಖ್ಯವಾಗಿ ರ‍್ಯಾಮ್ ಎಂಬ ನೆನಪಿನ ಪಟ್ಟಿಯನ್ನು. ಎಲ್ಲ ಸರಿಯಿದ್ದರೆ ಪರದೆ ಬೆಳಗುತ್ತದೆ. ಅಲ್ಲಿಂದ ಮೇಲೆಯೇ ಹಾರ್ಡ್ ಡಿಸ್ಕನ್ನು ತೆರೆದು ವಿಂಡೋಸನ್ನು ಎಬ್ಬಿಸುವುದು. ನಮ್ಮ ಫೋಟೋ, ಲೆಕ್ಕ, ಹಾಡು ಇರುವುದು ಈ ಕೊನೆಯ ಮೆಟ್ಟಿಲಾದ ಡಿಸ್ಕಿನಲ್ಲಿ.

ಇನ್ನು ನೀವೇ ಯೋಚಿಸಿ. ಪರದೆಯೇ ಬೆಳಗದಿದ್ದರೆ ಯಂತ್ರ ಡಿಸ್ಕಿನ ತನಕ ಹೋಗಿಯೇ ಇಲ್ಲವೆಂದು ಅರ್ಥ. ಹಾಗಿರುವಾಗ ಡಿಸ್ಕನ್ನು ಪಾಟಿ ಒರೆಸಿದ ಹಾಗೆ ಒರೆಸುವ ಫಾರ್ಮ್ಯಾಟು ಯಾವ ರೋಗಕ್ಕೆ ಮದ್ದು? ಒಲೆಯೇ ಹತ್ತದಿದ್ದರೆ ಅಕ್ಕಿಯ ಡಬ್ಬ ಖಾಲಿ ಮಾಡುತ್ತಾರೆಯೇ?

ಆದ್ದರಿಂದ ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂಬುದನ್ನು ಮೊದಲು ನೋಡಬೇಕು. ಗುಂಡಿ ಒತ್ತಿದರೆ ಜೀವವೇ ಇಲ್ಲ, ದೀಪವಿಲ್ಲ, ಸಪ್ಪಳವಿಲ್ಲ ಎಂದರೆ ಗೋಡೆಯಿಂದ ಶುರುಮಾಡಿ. ಆ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿ ನೋಡಿ. ಯು.ಪಿ.ಎಸ್. ಬ್ಯಾಟರಿ ಮೂರು-ನಾಲ್ಕು ವರ್ಷಕ್ಕೆ ಸೋಲುತ್ತದೆ. ಅದನ್ನು ಬದಿಗಿಟ್ಟು ಕಂಪ್ಯೂಟರಿನ ವಾಯರನ್ನು ನೇರವಾಗಿ ಗೋಡೆಗೆ ಕೊಡಿ. ಡಬ್ಬದ ಹಿಂಭಾಗದಲ್ಲಿ ಒಂದು ಚಿಕ್ಕ ಸ್ವಿಚ್ಚಿರುತ್ತದೆ, ಕಸ ಗುಡಿಸುವಾಗ ಕೈ ತಗಲಿ ಆರಿರಬಹುದು. (ನಗಬೇಡಿ, ಇದೊಂದರಲ್ಲೇ ಎಷ್ಟೋ ರಿಪೇರಿ ಮುಗಿದದ್ದುಂಟು.) ಅದಕ್ಕೂ ಬಗ್ಗದಿದ್ದರೆ ವಾಯರ್ ಪೂರ್ತಿ ಕಿತ್ತು, ಮುಂದಿನ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ನಿಂತ ವಿದ್ಯುತ್ತು ಇಳಿದುಹೋಗುತ್ತದೆ. ಮತ್ತೆ ಜೋಡಿಸಿ ಒತ್ತಿ. ಆಗಲೂ ಏಳದಿದ್ದರೆ ಎಸ್.ಎಂ.ಪಿ.ಎಸ್. ಮೇಲೆ ಸಂಶಯ. ಅದನ್ನು ಬದಲಿಸಬಹುದು, ಆದರೆ ಆ ಪೆಟ್ಟಿಗೆಯನ್ನು ಮಾತ್ರ ನೀವು ಬಿಚ್ಚಕೂಡದು; ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಹೊಡೆಯುವಷ್ಟು ವಿದ್ಯುತ್ತು ನಿಂತಿರುತ್ತದೆ. ಸುಟ್ಟ ವಾಸನೆ ಬಂದಿದ್ದರಂತೂ ಮತ್ತೆ ಗುಂಡಿಯನ್ನೇ ಒತ್ತಬೇಡಿ. ನಮ್ಮ ಕಡೆ ಹಲ್ಲಿ, ಇರುವೆ ಬೆಚ್ಚಗಿನ ಜಾಗವೆಂದು ಒಳಹೊಕ್ಕು ಅಲ್ಲೇ ಸುಟ್ಟುಹೋಗುವುದೂ ಇದೆ.

ನಾದಿನಿಯ ಕಂಪ್ಯೂಟರಿಗೆ ಜೀವವಿತ್ತು. ಫ್ಯಾನು ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಮಾನಿಟರಿನ ಸ್ವಂತ ದೀಪ ಹೊತ್ತಿದೆಯೇ, ಅದರ ಕೇಬಲ್ ಎರಡೂ ಕಡೆ ಬಿಗಿಯಾಗಿದೆಯೇ ನೋಡಿದೆ. ಸರಿಯಿತ್ತು. ಆಗಲೇ ನನ್ನ ಕಣ್ಣು ಅವಳ ಅಡುಗೆಮನೆಯ ಕಟ್ಟೆಯ ಮೇಲೆ ಹೋಯಿತು. ಉಪ್ಪಿನ ಭರಣಿಯಲ್ಲಿ ನೀರು ನಿಂತಿತ್ತು.

ನಮ್ಮ ಕರಾವಳಿಯ ಕಂಪ್ಯೂಟರುಗಳ ಅರ್ಧ ರೋಗ ಆ ಭರಣಿಯಲ್ಲೇ ಇದೆ ಎಂದರೆ ನಂಬುತ್ತೀರಾ? ಶುದ್ಧ ಉಪ್ಪು ಕೂಡ ಗಾಳಿಯ ತೇವ ಶೇಕಡಾ 75ರ ಸುಮಾರು ದಾಟಿದರೆ ಆ ತೇವವನ್ನು ಹೀರಿ ತಾನೇ ನೀರಾಗತೊಡಗುತ್ತದೆ. ಗೋಕರ್ಣದ ಹತ್ತಿರ ಸಾಣೀಕಟ್ಟೆಯ ಗದ್ದೆಗಳಲ್ಲಿ ತೆಗೆಯುತ್ತಾರಲ್ಲ, ಅಂಥ ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಅಂಶವೂ ಇರುವುದರಿಂದ ಅದು ಇನ್ನೂ ಬೇಗ ಬೆವರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ತೇವ ಶೇಕಡಾ 80 ದಾಟುವುದು ದಿನನಿತ್ಯದ ಮಾತು. ಸಮುದ್ರದ ಗಾಳಿಯ ಜೊತೆ ಬರುವ ಉಪ್ಪಿನ ಕಣಗಳು ವರ್ಷವಿಡೀ ಧೂಳಿನೊಂದಿಗೆ ಕಂಪ್ಯೂಟರಿನ ಒಳಗೆ ಕೂತಿರುತ್ತವೆ. ಫ್ಯಾನೇ ಅವನ್ನು ಒಳಗೆ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಸುಮ್ಮನಿರುತ್ತವೆ. ಆಷಾಢದಲ್ಲಿ ಭರಣಿಯ ಉಪ್ಪು ಕರಗುವ ಹೊತ್ತಿಗೆ ಅವೂ ಕರಗುತ್ತವೆ. ಉಪ್ಪುನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ, ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ರ‍್ಯಾಮ್ ಪಟ್ಟಿಯ ಅಂಚಿನ ಹಲ್ಲುಗಳಿಗೆ ಬಂಗಾರದ ನೀರು ಕೊಟ್ಟಿರುತ್ತಾರೆ ನಿಜ, ಬಂಗಾರಕ್ಕೆ ಕಿಲುಬೂ ಇಲ್ಲ. ಆದರೆ ಆ ಲೇಪ ಬಹಳ ತೆಳು, ನಮ್ಮ ಒಂದು ಗ್ರಾಂ ಚಿನ್ನದ ಬಳೆಗಿಂತ ಕಡೆ. ಕೆಳಗಿನ ಲೋಹ ಸಂದಿಯಲ್ಲಿ ಇಣುಕಿ ಮಸುಕಾಗುತ್ತದೆ. ಸಂಪರ್ಕ ತಪ್ಪುತ್ತದೆ, ಬೋರ್ಡಿಗೆ ರ‍್ಯಾಮ್ ಕಾಣುವುದಿಲ್ಲ. ಫ್ಯಾನು ತಿರುಗುತ್ತದೆ, ಪರದೆ ಬೆಳಗುವುದಿಲ್ಲ. ಕೆಲವು ಯಂತ್ರ ಆಗ ಟೀ, ಟೀ ಎಂದು ಕೂಗುತ್ತವೆ; ಎಷ್ಟು ಸಲ ಕೂಗಿತೆಂದು ಎಣಿಸಿ ಬರೆದಿಟ್ಟುಕೊಂಡರೆ ರಿಪೇರಿಯವನಿಗೆ ಉಪಕಾರ. ನಾದಿನಿಯದು ಮೂಕಿ.

ಪ್ಲಗ್ಗನ್ನು ಪೂರ್ತಿ ಕಿತ್ತೆವು. ಹಿಂದಿನ ಎರಡು ತಿರುಪು ಬಿಚ್ಚಿ ಪಕ್ಕದ ತಗಡು ಸರಿಸಿದೆ. ಒಳಗೆ ಮುಟ್ಟುವ ಮೊದಲು ಡಬ್ಬದ ಬಣ್ಣವಿಲ್ಲದ ಲೋಹವನ್ನು ಕೈಯಿಂದ ಒಮ್ಮೆ ಮುಟ್ಟಬೇಕು. ನಮ್ಮ ಮೈಯ ಮೇಲೆ ಕೂತ ವಿದ್ಯುತ್ತು ಹೋಗಲಿಕ್ಕೆ. ಬಳೆ, ಉಂಗುರ ತೆಗೆದಿಡುವುದು ಒಳ್ಳೆಯದು. ರ‍್ಯಾಮ್ ಎಂಬುದು ಬಾಚಣಿಗೆಯಷ್ಟು ಉದ್ದದ ನೆಟ್ಟಗೆ ನಿಂತ ಪಟ್ಟಿ. ತುದಿಯ ಕ್ಲಿಪ್ಪನ್ನು ಹೊರಕ್ಕೆ ಒತ್ತಿದರೆ ತಾನೇ ಮೇಲೇಳುತ್ತದೆ. ಹಲ್ಲುಗಳು ಮಾಸಿದ ಹಿತ್ತಾಳೆಯ ಹಾಗೆ ಮಂಕಾಗಿದ್ದವು.

"ಹುಣಸೆಹಣ್ಣು ತರ್ಲಾ ಅತ್ಗೆ?" ಎಂದಳು ನಾದಿನಿ. ಅವಳ ತಪ್ಪೇನಿದೆ, ಹಿತ್ತಾಳೆ ಕಂಡರೆ ನಮ್ಮ ಕೈ ಹೋಗುವುದೇ ಅಲ್ಲಿಗೆ! ಹುಣಸೆ, ಲಿಂಬೆ, ಸಾಬೂನು, ಎಣ್ಣೆ, ಉಜ್ಜುಕಾಗದ ಯಾವುದೂ ಆಗದು. ಪಕ್ಕದ ಮನೆಯ ಹುಡುಗನ ಕಂಪಾಸು ಪೆಟ್ಟಿಗೆಯಿಂದ ಬಿಳಿ ರಬ್ಬರು ಕೇಳಿ ತಂದೆವು. ಪೆನ್ಸಿಲ್ ಒರೆಸಿದ ಕಪ್ಪು ಕಡೆಯಲ್ಲ, ಶುಭ್ರವಾದ ಕಡೆಯಿಂದ ಹಲ್ಲುಗಳ ಮೇಲೆ ಮೆಲ್ಲಗೆ, ಎರಡೂ ಬದಿ ಉಜ್ಜಿದೆ. ರಬ್ಬರಿನ ಪುಡಿಯನ್ನು ಒಣ ಮೆತ್ತನೆಯ ಕುಂಚದಿಂದ ಕೊಡವಿದೆ. ಬಾಯಿಂದ ಊದಬೇಡಿ, ಉಗುಳಿನ ತೇವ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಎಂಬ ದ್ರವ ಸಿಕ್ಕಿದರೆ ಅದರಲ್ಲಿ ಬಟ್ಟೆ ಅದ್ದಿ ಒರೆಸಿ, ಪೂರ್ತಿ ಆರಲು ಬಿಡುವುದು ರಬ್ಬರಿಗಿಂತ ಉತ್ತಮ. ಆ ದ್ರವಕ್ಕೆ ಬೇಗ ಬೆಂಕಿ ಹತ್ತುತ್ತದೆ, ಒಲೆಯ ಹತ್ತಿರ ತರಬೇಡಿ.

ಪಟ್ಟಿಯ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ, ಹಾಗಾಗಿ ಅದು ಒಂದೇ ದಿಕ್ಕಿನಲ್ಲಿ ಕೂರುತ್ತದೆ. ಎರಡು ಹೆಬ್ಬೆರಳಿನಿಂದ ನೆಟ್ಟಗೆ ಒತ್ತಿದೆ. ಟಕ್ ಎಂದಿತು. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಬೇಕು, ಕೆಟ್ಟದ್ದು ಯಾವುದೆಂದು ಆಗ ತಿಳಿಯುತ್ತದೆ. ತಗಡು ಮುಚ್ಚಿ, ಪ್ಲಗ್ಗು ಕೊಟ್ಟು, "ನೀನೇ ಒತ್ತು" ಎಂದು ನಾದಿನಿಗೆ ಹೇಳಿದೆ. ಅವಳು ದೇವರ ಗೂಡಿನ ಕಡೆ ನೋಡಿ ಒತ್ತಿದಳು.

ಪರದೆ ಬೆಳಗಿತು. ಅವಳ ಸಂತೋಷ ಅರ್ಧ ನಿಮಿಷ ಮಾತ್ರ. ಯಂತ್ರ ಮುಂದೆ ಹೋಗದೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು, ಎಫ್1 ಒತ್ತಿ ಎಂದು ನಿಂತಿತು. ತಾರೀಖು ನೋಡಿದರೆ 2009ರ ಜನವರಿ 1! ಇದು ಹೆದರುವ ರೋಗವಲ್ಲ. ಬೋರ್ಡಿನ ಮೇಲೆ ಎಂಟಾಣೆ ನಾಣ್ಯದಂಥ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ. ಸಿ.ಆರ್. 2032 ಎಂದು ಅದರ ಸಂಖ್ಯೆ, 3 ವೋಲ್ಟು. ಪ್ಲಗ್ಗು ಇಲ್ಲದಾಗ ಗಡಿಯಾರ ನಡೆಸುವುದು ಅದು. ದಿನವೂ ರಾತ್ರಿ ಗೋಡೆಯ ಸ್ವಿಚ್ಚು ಆರಿಸುವ ನಮ್ಮಂಥ ಮನೆಗಳಲ್ಲಿ ಸ್ವಲ್ಪ ಬೇಗ ಸೋಲುತ್ತದೆ. ತಾರೀಖು ತಪ್ಪಿದ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪುಟಗಳೂ ತೆರೆಯುವುದಿಲ್ಲ, ಇಂಟರ್ನೆಟ್ಟೇ ಕೆಟ್ಟಿದೆ ಎಂದು ನಾವು ತಿಳಿಯುತ್ತೇವೆ. ಗಡಿಯಾರದ ಅಂಗಡಿಯಲ್ಲೂ ಈ ಬಿಲ್ಲೆ ಸಿಗುತ್ತದೆ. ಸಂತೆಗೆ ಹೊರಟ ನೆರೆಯವರ ಕೈಯಲ್ಲಿ ತರಿಸಿ ಹಾಕಿದೆವು.

ಒಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಹಳೆಯ ಬಿಲ್ಲೆಯನ್ನು ಮಕ್ಕಳ ಕೈಗೆ ಸಿಗದಂತೆ ಟೇಪು ಸುತ್ತಿ ತೆಗೆದಿಡಿ. ಪೆಪ್ಪರಮಿಂಟೆಂದು ಮಗು ನುಂಗಿದರೆ ಗಂಟಲಿನಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೇ ಒಳಗಿನ ಮಾಂಸವನ್ನು ಸುಡುತ್ತದೆ. ಸತ್ತ ಬ್ಯಾಟರಿಯಲ್ಲೂ ಆ ಶಕ್ತಿ ಉಳಿದಿರುತ್ತದೆ. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸುತ್ತ ಕೂರದೆ ಆಸ್ಪತ್ರೆಗೆ ಓಡಿ.

ವಿಂಡೋಸು ಬಂತು. ನಾದಿನಿ ತಕ್ಷಣ ಲೆಕ್ಕ ತೆರೆಯಲು ಹೊರಟಳು. ನಾನು ಬಿಡಲಿಲ್ಲ. ಮೊದಲು ಸಂಘದ ಲೆಕ್ಕವನ್ನು ಪೆನ್‌ಡ್ರೈವಿಗೆ ನಕಲು ಮಾಡಿಸಿ, ಆಮೇಲೆ ಅವಳ ಮಗನ ಇ-ಮೇಲಿಗೂ ಕಳಿಸಿ, ಕೊನೆಗೆ ಕಾಗದದ ಮೇಲೂ ಅಚ್ಚು ಹಾಕಿಸಿದೆ. "ಇಷ್ಟೆಲ್ಲ ಯಾಕೆ ಅತ್ಗೆ?" ಎಂದಳು. ಅತ್ತೆಯವರ ಹಾಡಿನ ವಿಷಯ ಅವಳಿಗೂ ಗೊತ್ತು, ಅವಳ ತಾಯಿಯದೇ ತಾನೆ. ನಾನು ಉತ್ತರ ಹೇಳಲಿಲ್ಲ, ಅವಳೂ ಮತ್ತೆ ಕೇಳಲಿಲ್ಲ.

ಪರದೆ ಬೆಳಗಿ, ಕಂಪನಿಯ ಗುರುತು ಬಂದು, ಅಲ್ಲಿಗೇ ನಿಲ್ಲುವ ಕಂಪ್ಯೂಟರಿನ ಮಾತು ಬೇರೆ. ಆಗ ಡಿಸ್ಕಿನ ಮೆಟ್ಟಿಲಿಗೆ ಬಂದಿದೆ ಎಂದಾಯಿತು. ಸಿಕ್ಕಿಸಿ ಮರೆತ ಪೆನ್‌ಡ್ರೈವ್ ಇದ್ದರೆ ಕಿತ್ತು ನೋಡಿ. ಡಿಸ್ಕಿನ ಕೇಬಲ್ ಸಡಿಲಾಗಿರಬಹುದು, ಪ್ಲಗ್ಗು ಕಿತ್ತು ಒತ್ತಿ ನೋಡಿ. ವಿಂಡೋಸು ತಾನೇ ರಿಪೇರಿ ಮಾಡಿಕೊಳ್ಳುತ್ತೇನೆಂದರೆ ಅವಸರವಿಲ್ಲದೆ ಬಿಡಿ. ಆದರೆ ಡಿಸ್ಕಿನಿಂದ ಕಟ್, ಕಟ್ ಎಂದು ಸಪ್ಪಳ ಬರುತ್ತಿದ್ದರೆ ಕೂಡಲೇ ಆರಿಸಿ. ಮತ್ತೆ ಮತ್ತೆ ಎಬ್ಬಿಸಿದಷ್ಟೂ ಒಳಗಿನದು ಅಳಿಯುತ್ತದೆ. ಅಂಗಡಿಗೆ ಕೊಡುವಾಗ ಬಾಯಲ್ಲಿ ಹೇಳಿದರೆ ಸಾಲದು, ಚೀಟಿಯಲ್ಲಿ ಬರೆದು ಡಬ್ಬಕ್ಕೆ ಅಂಟಿಸಿ: "ಹಾರ್ಡ್ ಡಿಸ್ಕಿನ ನಕಲು ತೆಗೆಯದೆ ಫಾರ್ಮ್ಯಾಟ್ ಮಾಡಬಾರದು." ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನಕಲು ತೆಗೆಯಬಹುದು, ಬಲ್ಲವರಿಗೆ ಅದು ದೊಡ್ಡ ಕೆಲಸವಲ್ಲ. ಹುಡುಗ ಗೊಣಗಿದರೆ "ತಮ್ಮಾ, ಅದಕ್ಕೆ ಬೇರೆ ದುಡ್ಡು ಕೊಡ್ತೆ" ಎನ್ನಿ.

ಮಧ್ಯಾಹ್ನ ಊಟಕ್ಕೆ ಕೂತಾಗ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ನಾದಿನಿಯ ಗಂಡ ನಗುತ್ತ ಕೈಗಾದ ಮಾತು ತೆಗೆದರು. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಅಣು ವಿದ್ಯುತ್ತಿನ 1ನೇ ಘಟಕವನ್ನು 2016ರ ಮೇ 13ರಂದು ಚಾಲೂ ಮಾಡಿದ್ದು, 2018ರ ಡಿಸೆಂಬರ್ 31ರ ತನಕ 962 ದಿನ ಒಂದೇ ಸಮನೆ ಓಡಿತು. ಅದು ಆಗಿನ ವಿಶ್ವದಾಖಲೆ, ಆಮೇಲೆ 2020ರಲ್ಲಿ ಕೆನಡಾದ ಒಂದು ಘಟಕ ಅದನ್ನು ಮೀರಿಸಿತು. "ಆ ಹೊತ್ತಿನಲ್ಲಿ ನಮ್ಮನೆ ಮಿಕ್ಸರ್ ಎಷ್ಟು ಸಲ ನಿಂತಿತ್ತೋ!" ಎಂದರು. ಮಾತು ನಗೆಯದಾದರೂ ಹೀಗೆ ಹೋಗಿಬರುವ ಕರೆಂಟು ಕಂಪ್ಯೂಟರಿಗೆ ಒಳ್ಳೆಯದಲ್ಲ. ಹೋದರೆ ಸ್ವಿಚ್ಚು ಆರಿಸಿ, ಬಂದು ಐದು ನಿಮಿಷ ನಿಂತ ಮೇಲೆ ಹಚ್ಚಿ.

ಸಂಜೆ ಅವಳ ಮನೆಯಲ್ಲಿ ಇನ್ನಷ್ಟು ಬದಲಾವಣೆ ಮಾಡಿದೆವು. ಡಬ್ಬ ನೆಲದ ಮೇಲಿತ್ತು. ಮಳೆಗಾಲದಲ್ಲಿ ಬೆವರುವ ನೆಲ. ಒಂದು ಮಣೆ ಹಾಕಿ ಎತ್ತರಿಸಿ, ಕಿಟಕಿಯಿಂದ ಒಳಕ್ಕೆ ಸರಿಸಿದೆವು. ಹೊದಿಸಿದ ಪಂಜಿಯನ್ನು ಯಂತ್ರ ನಡೆಯುವಾಗ ತೆಗೆಯಬೇಕೆಂದು ಹೇಳಿದೆ. ಕೆಲಸವಿರಲಿ ಇಲ್ಲದಿರಲಿ, ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ನಡೆಸಬೇಕು. ತನ್ನ ಬಿಸಿಗೆ ತಾನೇ ಒಣಗುತ್ತದೆ. ಮಳೆಗಾಲ ಹಿಡಿಯುವ ಮೊದಲು, ಮತ್ತೆ ನವರಾತ್ರಿ-ದೀಪಾವಳಿಯ ಸುಮಾರಿಗೆ ಗುಡುಗು ಸಿಡಿಲಿನ ಹೊತ್ತಿನಲ್ಲಿ ಗೋಡೆಯ ಪ್ಲಗ್ಗಿನ ಜೊತೆ ಇಂಟರ್ನೆಟ್ಟಿನ ವಾಯರನ್ನೂ ಕೀಳಬೇಕು. ಕರೆಂಟಿನ ವಾಯರು ಕಿತ್ತು ನೆಮ್ಮದಿಯಾಗಿ ಮಲಗಿದವರ ಮನೆಗೆ ಸಿಡಿಲು ಆ ಇನ್ನೊಂದು ವಾಯರಿನಿಂದ ಬಂದದ್ದುಂಟು.

ಅರ್ಥಿಂಗಿನ ಗುಂಡಿ ಹಿತ್ತಲಲ್ಲಿ ಬಾಳೆಯ ಬುಡದಲ್ಲಿತ್ತು. ಅದಕ್ಕೆ ಇದ್ದಲು ಮತ್ತು ಉಪ್ಪು ತುಂಬುತ್ತಾರೆ, ಬೇಸಿಗೆಯಲ್ಲಿ ನೀರು ಹೊಯ್ಯಬೇಕು, ಮಣ್ಣು ತಂಪಿದ್ದರೇ ಹೆಚ್ಚಿನ ವಿದ್ಯುತ್ತು ಸರಾಗವಾಗಿ ನೆಲಕ್ಕಿಳಿಯುವುದು ಎಂದೆ. "ಒಳಗೆ ಉಪ್ಪು ಬೇಡ, ಹೊರಗೆ ಉಪ್ಪು ಬೇಕು. ಇದೆಂತಾ ಯಂತ್ರ ಅತ್ಗೆ!" ಎಂದಳು ನಾದಿನಿ.

ಶುಕ್ರವಾರ ಬ್ಯಾಂಕಿನಿಂದ ಬಂದು ಫೋನು ಮಾಡಿದಳು. ಲೆಕ್ಕ ತಾಳೆಯಾಗಿತ್ತು, ಒಬ್ಬಾಕೆಯ 50 ರೂಪಾಯಿ ಮಾತ್ರ ಹೆಚ್ಚು ಬರೆದದ್ದು ಸಿಕ್ಕಿತಂತೆ. ಕೈಬರಹದ ಪುಸ್ತಕವನ್ನು ಮತ್ತೆ ಶುರುಮಾಡಿದ್ದಾಳೆ. ಪಕ್ಕದ ಮನೆಯ ಹುಡುಗನಿಗೆ ಹೊಸ ರಬ್ಬರು ಕೊಡಿಸಿದಳಂತೆ. ಹಳೆಯದನ್ನು ಕಂಪ್ಯೂಟರಿನ ಮೇಲೆಯೇ ಇಟ್ಟುಕೊಂಡಿದ್ದಾಳೆ.

ಮಿಕ್ಸರ್ ಜಾರಿನ ಬುಡದಿಂದ ಕಪ್ಪು ನೀರು ಸೋರುತ್ತದೆ ಎಂದು ಮೂವರು ಓದುಗ ಸೋದರಿಯರು ಬರೆದಿದ್ದಾರೆ. ಅದು ಮುಂದಿನ ಸಂಚಿಕೆಗೆ.